ಕೋಲಾರದ ಬೇಸಿಗೆಗೆ ವಾಟರ್ ಕೂಲಿಂಗ್ ಲೂಪ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು

ಕಂಪ್ಯೂಟರನ್ನು ನೀರು ಹರಿಸಿ ತಂಪಾಗಿಸುವ ಕಸ್ಟಮ್ ಲೂಪನ್ನು (ಪಂಪು, ಪೈಪು, ರೇಡಿಯೇಟರ್ ಎಲ್ಲವನ್ನೂ ತಾವೇ ಆರಿಸಿ ಜೋಡಿಸುವ ಸುತ್ತು) ಕಟ್ಟಲು ಹೊರಟವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ಸಿಪಿಯು ಬ್ಲಾಕ್, ಅಂದರೆ ಪ್ರೊಸೆಸರಿನ ಮೇಲೆ ಕೂತು ಅದರ ಶಾಖವನ್ನು ನೀರಿಗೆ ದಾಟಿಸುವ ಭಾಗ. ಫಳಫಳ ಹೊಳೆಯುವ ನಿಕ್ಕಲ್, ಮೇಲೆ ಗಾಜಿನಂಥ ಅಕ್ರಿಲಿಕ್, ಕಣ್ಣಿಗೆ ಬೀಳುವುದೇ ಅದು. ಆದರೆ ಕೋಲಾರದಲ್ಲಿ ಮೊದಲು ಕೊಳ್ಳಬೇಕಾದದ್ದು ಒಂದು ಸಾದಾ ಥರ್ಮಾಮೀಟರ್. ಕಂಪ್ಯೂಟರ್ ಇಡುವ ರೂಮಿನಲ್ಲಿ ಮೇಜಿನ ಎತ್ತರಕ್ಕೆ ಅದನ್ನು ತೂಗುಹಾಕಿ, ಏಪ್ರಿಲ್ ತಿಂಗಳ ಮಧ್ಯಾಹ್ನ ಮೂರು ಗಂಟೆಗೆ ಎಷ್ಟಿದೆ ಎಂದು ಬರೆದಿಟ್ಟುಕೊಳ್ಳಿ. ಮೇಲ್ಮಹಡಿಯ ಆರ್‌ಸಿಸಿ ಛಾವಣಿ ಕೆಳಗಿನ ರೂಮಾದರೆ ರಾತ್ರಿ ಹತ್ತಕ್ಕೂ ಒಮ್ಮೆ ನೋಡಿ. ಹಗಲೆಲ್ಲ ಕಾದ ಕಾಂಕ್ರೀಟು ಆ ಹೊತ್ತಿನಲ್ಲೂ ಶಾಖ ಬಿಡುತ್ತಿರುತ್ತದೆ, ಗೇಮ್ ಆಡಲು ಕೂರುವುದೂ ಆಗಲೇ.

ಈ ಅಂಕಿ ಯಾಕೆ ಬೇಕೆಂದರೆ, ನೀರು ಶಾಖವನ್ನು ನುಂಗುವುದಿಲ್ಲ, ಹೊತ್ತೊಯ್ಯುತ್ತದೆ ಅಷ್ಟೆ. ಕೊನೆಗೆ ರೇಡಿಯೇಟರು ಅದನ್ನು ಅದೇ ರೂಮಿನ ಗಾಳಿಗೆ ಬಿಡಬೇಕು. ಎಷ್ಟೇ ದುಬಾರಿ ಲೂಪ್ ಆದರೂ ನೀರು ರೂಮಿಗಿಂತ ತಣ್ಣಗಾಗದು. ವಿಡಿಯೊ ರಿವ್ಯೂಗಳಲ್ಲಿ ಕಾಣುವ ಅಂಕಿಗಳು ಹೆಚ್ಚಾಗಿ ಎಸಿ ಹಾಕಿದ 21–25 ಡಿಗ್ರಿ ರೂಮಿನವು. ನಿಮ್ಮ ರೂಮು 34 ಇದ್ದರೆ ಆ ಲೆಕ್ಕಕ್ಕೆಲ್ಲ ಹತ್ತು ಡಿಗ್ರಿ ಕೂಡಿಸಿಕೊಳ್ಳಬೇಕು. ಎಷ್ಟು ರೇಡಿಯೇಟರ್ ಬೇಕು, ಯಾವ ಪೈಪು ತಡೆಯುತ್ತದೆ, ಪಂಪು ಎಷ್ಟು ದಿನ ಬಾಳುತ್ತದೆ, ಮೂರೂ ಇದರ ಮೇಲೆಯೇ ನಿಂತಿವೆ.

ರೇಡಿಯೇಟರ್ ಲೆಕ್ಕ

ಲೂಪಿಗೆ ಸೇರುವ ಶಾಖವನ್ನು ಮೊದಲು ಕೂಡಿಸಿ. ಕೋರ್ ಐ7-14700ಕೆ ಪ್ರೊಸೆಸರಿನ ಗರಿಷ್ಠ ಟರ್ಬೊ ಪವರ್ 253 ವಾಟ್, ಆರ್‌ಟಿಎಕ್ಸ್ 4080 ಗ್ರಾಫಿಕ್ಸ್ ಕಾರ್ಡಿನದು 320 ವಾಟ್. ಎರಡೂ ಸೇರಿ 573. ಪಂಪಿನ ಶಾಖವೂ ಬಹುಪಾಲು ನೀರಿಗೇ ಹೋಗುವುದರಿಂದ 590 ಎಂದಿಟ್ಟುಕೊಳ್ಳಿ. ಗೇಮ್ ಆಡುವಾಗ ಎರಡೂ ಒಟ್ಟಿಗೆ ತುದಿ ಮುಟ್ಟುವುದಿಲ್ಲ, ನಿಜ. ಆದರೆ ಎರಡನ್ನೂ ದುಡಿಸುವ ರೆಂಡರಿಂಗ್ ಕೆಲಸವನ್ನು ಗಂಟೆಗಟ್ಟಲೆ ಹಾಕುವವರು ಪೂರ್ತಿ ಅಂಕಿಯನ್ನೇ ಹಿಡಿಯಬೇಕು.

ರೂಢಿಯ ಅಳತೆ ಹೀಗಿದೆ: ಫ್ಯಾನ್ ನಿಮಿಷಕ್ಕೆ 1200–1300 ಸುತ್ತು ತಿರುಗುವಾಗ, ನೀರು ಗಾಳಿಗಿಂತ 10 ಡಿಗ್ರಿ ಬಿಸಿ ಇದ್ದರೆ, 120 ಮಿ.ಮೀ. ರೇಡಿಯೇಟರಿನ ಒಂದೊಂದು ಭಾಗ ಸುಮಾರು 100 ವಾಟ್ ಹೊರಹಾಕುತ್ತದೆ. 590 ವಾಟಿಗೆ ಆರು ಭಾಗ, ಅಂದರೆ ಮೂರು ಭಾಗ ಸೇರಿದ 360 ಮಿ.ಮೀ. ಅಳತೆಯ ಎರಡು ರೇಡಿಯೇಟರ್. ನಮ್ಮ ಊರಿಗೆ ಇನ್ನೊಂದು ಕಡಿತವಿದೆ. ಕೋಲಾರ, ತುಮಕೂರು ಎರಡೂ ಸಮುದ್ರಮಟ್ಟದಿಂದ ಸುಮಾರು 800 ಮೀಟರ್ ಎತ್ತರದಲ್ಲಿವೆ, ಚಿಕ್ಕಬಳ್ಳಾಪುರ ಇನ್ನೂ ಮೇಲೆ. ಇಲ್ಲಿಯ ಗಾಳಿಯ ಸಾಂದ್ರತೆ ಸುಮಾರು 8 ಶೇಕಡಾ ಕಡಿಮೆ, ಅದೇ ಫ್ಯಾನ್ ಅದೇ ವೇಗಕ್ಕೆ ಅಷ್ಟು ಕಡಿಮೆ ತೂಕದ ಗಾಳಿಯನ್ನು ತಳ್ಳುತ್ತದೆ. ಹಾಗಾಗಿ 10 ಡಿಗ್ರಿಯ ಅಂತರ 11 ಆಗುತ್ತದೆ. ರೂಮು 34 ಇದ್ದರೆ ನೀರು 45.

ಖರ್ಚು ಉಳಿಸಲು ಒಂದೇ 360 ಹಾಕಿದರೆ ಅಂತರ 21ಕ್ಕೇರಿ ನೀರು 55 ಮುಟ್ಟುತ್ತದೆ. 253 ವಾಟಿನ ಪ್ರೊಸೆಸರಿನ ಕೋರ್‌ಗಳು ಒಳ್ಳೆಯ ಬ್ಲಾಕ್ ಇದ್ದರೂ ನೀರಿಗಿಂತ 40 ಡಿಗ್ರಿಯಷ್ಟು ಮೇಲಿರುತ್ತವೆ. ಅಲ್ಲಿಗೆ 95, ಪ್ರೊಸೆಸರ್ ತಾನಾಗಿ ವೇಗ ಇಳಿಸಿಕೊಳ್ಳುವ 100 ಡಿಗ್ರಿಯ ಹೊಸ್ತಿಲಿಗೆ ಬಲು ಹತ್ತಿರ. ಸಾಮಾನ್ಯ ಡಿ5 ಪಂಪಿನ ಮಿತಿ 60 ಡಿಗ್ರಿ. ಅದರ ಹತ್ತಿರ ಹೋದರೆ ಪೆಟ್‌ಜಿ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಕೊಳವೆಯೂ ಫಿಟಿಂಗಿನ ಹಿಡಿತದಲ್ಲಿ ಮೆತ್ತಗಾಗಿ ಜಾರಬಹುದು. ಬ್ಲಾಕಿನ ಬಜೆಟ್ ಕಡಿಮೆ ಮಾಡಿಯಾದರೂ ಎರಡನೇ ರೇಡಿಯೇಟರ್ ಕೊಳ್ಳಿ. ನೀರು 45ರ ಆಸುಪಾಸಿನಲ್ಲಿ ನಿಂತರೆ ಲೂಪಿನ ಉಳಿದ ಭಾಗಗಳೆಲ್ಲ ನೆಮ್ಮದಿಯಾಗಿರುತ್ತವೆ.

ದಪ್ಪದ ವಿಷಯದಲ್ಲಿ 30 ಮಿ.ಮೀ. ಸಾಕು. ಅದಕ್ಕೆ 25 ಮಿ.ಮೀ. ಫ್ಯಾನ್ ಸೇರಿದರೆ 55, ಕ್ಯಾಬಿನೆಟ್ಟಿನ ಮೇಲ್ಭಾಗದಲ್ಲಿ ರ‍್ಯಾಮ್‌ಗೂ ಮದರ್‌ಬೋರ್ಡಿನ ಹೀಟ್‌ಸಿಂಕಿಗೂ ತಾಗದಂತೆ ಅಷ್ಟು ಜಾಗ ಇದೆಯೇ ಎಂದು ಸ್ಕೇಲ್ ಹಿಡಿದು ಅಳೆಯಿರಿ. 60 ಮಿ.ಮೀ. ದಪ್ಪದ್ದಕ್ಕೆ ವೇಗದ ಫ್ಯಾನ್ ಬೇಕಾಗುತ್ತದೆ, ನಿಧಾನದ ಫ್ಯಾನಿಗೆ ಆ ದಪ್ಪದಿಂದ ಸಿಗುವ ಲಾಭ ಕಡಿಮೆ. ದಪ್ಪಕ್ಕಿಂತ ಮುಖ್ಯವಾದದ್ದು ರೇಡಿಯೇಟರಿನ ತೆಳು ತಗಡಿನ ರೆಕ್ಕೆಗಳ ಒತ್ತು. ಇಂಚಿಗೆ 25–30 ರೆಕ್ಕೆ ಇರುವ ರೇಡಿಯೇಟರ್ ನಮ್ಮ ಕೆಂಪು ಧೂಳಿಗೆ ಜರಡಿ ಇದ್ದ ಹಾಗೆ. ರಾಗಿ ಒಕ್ಕಣೆ ಕಾಲದ ಹೊಟ್ಟು, ಕಲ್ಲು ಕ್ವಾರಿ ಕಡೆಯ ನುಣ್ಣನೆ ಪುಡಿ, ರಸ್ತೆಯ ಮಣ್ಣು ಎಲ್ಲವೂ ಅದರೊಳಗೆ ಕಂಬಳಿಯಂತೆ ಕೂರುತ್ತವೆ. 16ಕ್ಕಿಂತ ಹೆಚ್ಚಿಲ್ಲದ್ದನ್ನೇ ಆರಿಸಿ. ಧೂಳು ತೆಗೆಯಲು ಪಂಚರ್ ಅಂಗಡಿಯ ಕಂಪ್ರೆಸರ್ ಬೇಡ, ಅದರ ಗಾಳಿಯಲ್ಲಿ ನೀರೂ ಎಣ್ಣೆಯೂ ಬೆರೆತಿರುತ್ತವೆ. ಮನೆಯಲ್ಲೇ ಚಿಕ್ಕ ಬ್ಲೋವರ್ ಹಿಡಿದು, ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿಹಿಡಿದು ಊದಿ.

ಸ್ಕ್ರೂ ಬಗ್ಗೆ ಎಚ್ಚರ. 25 ಮಿ.ಮೀ. ಫ್ಯಾನಿಗೆ 30 ಮಿ.ಮೀ. ಸ್ಕ್ರೂ, ರೇಡಿಯೇಟರನ್ನು ನೇರವಾಗಿ ಕ್ಯಾಬಿನೆಟ್ ತಗಡಿಗೆ ಕಟ್ಟುವುದಾದರೆ 5–6 ಮಿ.ಮೀ. ಸ್ಕ್ರೂ. ಇವು ಅದಲುಬದಲಾದರೆ ಉದ್ದನೆಯದು ಸೀದಾ ನೀರಿನ ಚಪ್ಪಟೆ ಕೊಳವೆಗೆ ತೂತು ಹಾಕುತ್ತದೆ. ಆಮೇಲೆ ಮನೆಯಲ್ಲಿ ಅದನ್ನು ಬೆಸೆದು ಸರಿಮಾಡುವುದು ಆಗದ ಮಾತು.

ಲೋಹ ಒಂದೇ ಜಾತಿಯದಿರಲಿ

ಬ್ಲಾಕುಗಳ ತಳ ತಾಮ್ರ ಅಥವಾ ನಿಕ್ಕಲ್ ಲೇಪಿಸಿದ ತಾಮ್ರ. ಫಿಟಿಂಗುಗಳು ಹಿತ್ತಾಳೆ. ರೇಡಿಯೇಟರೂ ತಾಮ್ರ–ಹಿತ್ತಾಳೆಯದೇ ಆಗಿರಬೇಕು. ಅಗ್ಗದ ಸೆಟ್‌ಗಳಲ್ಲಿ ಅಲ್ಯೂಮಿನಿಯಂ ರೇಡಿಯೇಟರ್ ಬರುತ್ತದೆ. ಅದನ್ನೂ ತಾಮ್ರವನ್ನೂ ಒಂದೇ ನೀರಿಗೆ ಇಳಿಸಿದರೆ ಅದು ಬ್ಯಾಟರಿಯೇ ಆಗುತ್ತದೆ: ತಾಮ್ರದ ಪ್ರಮಾಣಿತ ವಿಭವ ಪ್ಲಸ್ 0.34 ವೋಲ್ಟ್, ಅಲ್ಯೂಮಿನಿಯಂನದು ಮೈನಸ್ 1.66. ಸವೆಯುವುದು ಅಲ್ಯೂಮಿನಿಯಂ. ಬಿಳಿ ಲೋಳೆಯಂಥ ಪದಾರ್ಥ ಬ್ಲಾಕಿನ ಸಂದಿಗಳಲ್ಲಿ ತುಂಬಿ, ಕೊನೆಗೆ ರೇಡಿಯೇಟರೇ ತೂತು ಬೀಳುತ್ತದೆ. ಅಯಸ್ಕಾಂತ ಹಿಡಿದು ಪತ್ತೆ ಮಾಡಲಾಗದು, ಎರಡಕ್ಕೂ ಅದು ಅಂಟುವುದಿಲ್ಲ. ಕೈಯಲ್ಲಿ ತೂಗಿ ನೋಡಿ, ತಾಮ್ರದ 360 ಸುಮಾರು ಒಂದು ಕೆ.ಜಿ. ಬರುತ್ತದೆ. ಪೋರ್ಟಿನ ಒಳ ಮರೆಯನ್ನು (ಸ್ಕ್ರೂ ಸುತ್ತು, ಥ್ರೆಡ್) ಸೂಜಿಯಿಂದ ಸ್ವಲ್ಪ ಗೀರಿ: ಹಳದಿ ಕಂಡರೆ ಹಿತ್ತಾಳೆ, ಬೆಳ್ಳಗೆ ಕಂಡರೆ ಅಂಗಡಿಗೇ ವಾಪಸ್ ಕೊಡಿ.

ಪಂಪು, ಬ್ಲಾಕು

ನೀರು ಜೋರಾಗಿ ಹರಿದಷ್ಟೂ ತಂಪು ಎಂಬ ನಂಬಿಕೆಯಿದೆ. ಲೆಕ್ಕ ಹಾಕಿದರೆ ಅದರ ಮಿತಿ ತಿಳಿಯುತ್ತದೆ. ಒಂದು ಕೆ.ಜಿ. ನೀರನ್ನು ಒಂದು ಡಿಗ್ರಿ ಬಿಸಿ ಮಾಡಲು ಸುಮಾರು 4,186 ಜೂಲ್ ಬೇಕು. ಗಂಟೆಗೆ 200 ಲೀಟರ್ ಹರಿಯುವ ಲೂಪಿಗೆ 500 ವಾಟ್ ಕೊಟ್ಟರೆ, ಒಂದು ಸುತ್ತಿನಲ್ಲಿ ನೀರು ಏರುವುದು ಎರಡು ಡಿಗ್ರಿಗಿಂತ ಸ್ವಲ್ಪ ಹೆಚ್ಚು, ಅಷ್ಟೆ. ಹಾಗಾಗಿ ಸಿಪಿಯು ಮೊದಲೋ ಕಾರ್ಡ್ ಮೊದಲೋ, ನಡುವೆ ರೇಡಿಯೇಟರ್ ಬೇಕೋ ಎಂಬ ಚರ್ಚೆಯಿಂದ ಹೆಚ್ಚು ಉಪಯೋಗವಿಲ್ಲ. ಪೈಪು ಚೊಕ್ಕಟವಾಗಿ ಹೋಗುವ ದಾರಿಯೇ ಸರಿಯಾದ ದಾರಿ. ತಪ್ಪಬಾರದ ನಿಯಮ ಒಂದೇ: ರಿಸರ್ವಾಯರ್ (ನೀರಿನ ತೊಟ್ಟಿ) ಪಂಪಿಗಿಂತ ಮೇಲೆ, ಅದರ ನೀರು ನೇರ ಪಂಪಿನ ಬಾಯಿಗೆ. ಪಂಪಿನ ಬೇರಿಂಗಿಗೆ ನೀರೇ ಗ್ರೀಸು, ಒಣಗಿ ಓಡಿದರೆ ಅಲ್ಪ ಹೊತ್ತಿನಲ್ಲೇ ಸವೆಯುತ್ತದೆ.

ಪಂಪುಗಳಲ್ಲಿ ಡಿ5, ಡಿಡಿಸಿ ಎಂಬ ಎರಡು ವಂಶಗಳಿವೆ. ಡಿಡಿಸಿ ಚಿಕ್ಕದು, ಒತ್ತಡ ಹೆಚ್ಚು, ಆದರೆ ತಳ ಕಾಯುತ್ತದೆ, ಅದಕ್ಕೆ ಗಾಳಿಯಾಡಬೇಕು ಇಲ್ಲವೇ ಹೀಟ್‌ಸಿಂಕ್ ಬೇಕು. ಡಿ5 ತನ್ನ ಶಾಖವನ್ನು ನೀರಿಗೆ ಬಿಡುತ್ತದೆ, ಸದ್ದೂ ಕಡಿಮೆ. ಬೇಸಿಗೆಯ 34 ಡಿಗ್ರಿ ರೂಮಿಗೆ ರಿಸರ್ವಾಯರ್ ಜೊತೆಗೇ ಬರುವ ಪಿಡಬ್ಲ್ಯುಎಂ (ಮದರ್‌ಬೋರ್ಡಿನಿಂದ ವೇಗ ಬದಲಿಸಬಲ್ಲ) ಡಿ5 ಒಳ್ಳೆಯದು. ಪೂರ್ತಿ ವೇಗಕ್ಕೆ ಅದು 20 ವಾಟಿಗೂ ಮೇಲೆ ಎಳೆಯುತ್ತದೆ. ಮದರ್‌ಬೋರ್ಡಿನ ಸಾಮಾನ್ಯ ಫ್ಯಾನ್ ಹೆಡರ್ ಕೊಡುವುದು ಒಂದು ಆಂಪಿಯರ್, ಅಂದರೆ 12 ವಾಟ್. ಆದ್ದರಿಂದ ವಿದ್ಯುತ್ತನ್ನು ಪವರ್ ಸಪ್ಲೈ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದ ನೇರವಾಗಿ ಕೊಟ್ಟು, ವೇಗದ ತಂತಿಯನ್ನು ಮಾತ್ರ ಸಿಪಿಯು ಫ್ಯಾನ್ ಹೆಡರಿಗೆ ಚುಚ್ಚಿ. ಆಗ ಪಂಪು ನಿಂತರೆ ಬಯಾಸ್ ಎಚ್ಚರಿಸುತ್ತದೆ. ಈ ಎಚ್ಚರಿಕೆ ನಿಜಕ್ಕೂ ಬೇಕು: 500 ವಾಟ್ ಬೀಳುವಾಗ ಶಾಖ ಹೊರಹೋಗದಿದ್ದರೆ ಒಂದು ಲೀಟರ್ ನೀರು ಎಂಟೊಂಬತ್ತು ಸೆಕೆಂಡಿಗೆ ಒಂದು ಡಿಗ್ರಿ ಏರುತ್ತದೆ. ಕರೆಂಟ್ ಹೋದರೆ ಮಾತ್ರ ಚಿಂತೆಯಿಲ್ಲ, ಪಂಪಿನ ಜೊತೆ ಶಾಖ ಕೊಡುವುದೂ ನಿಲ್ಲುತ್ತದೆ.

ಸಿಪಿಯು ಬ್ಲಾಕ್ ನಿಮ್ಮ ಸಾಕೆಟ್ಟಿಗೆ ಹೊಂದಿದರೆ ಸಾಕು. ಇಂಟೆಲ್‌ನ ಎಲ್‌ಜಿಎ1700 ಸಾಕೆಟ್ಟಿಗೆ ಕೂರುವ ಬ್ರಾಕೆಟ್ ಎಲ್‌ಜಿಎ1851ಕ್ಕೂ ಕೂರುತ್ತದೆ, ರಂಧ್ರಗಳ ಅಂತರ ಒಂದೇ. ನೀರು ಒಳಬರುವ ಬಾಯಿ ಯಾವುದು ಎಂದು ಕೈಪಿಡಿಯಲ್ಲಿ ನೋಡಿಕೊಳ್ಳಿ, ಉಲ್ಟಾ ಕೊಟ್ಟರೆ ಕೆಲವು ಡಿಗ್ರಿ ನಷ್ಟ. ಗ್ರಾಫಿಕ್ಸ್ ಕಾರ್ಡಿನ ಬ್ಲಾಕಿನಲ್ಲಿ ದುಡ್ಡು ಕಳೆದುಕೊಳ್ಳುವವರು ಹೆಚ್ಚು. 4080 ಎಂಬ ಹೆಸರು ಒಂದೇ ಇದ್ದರೂ ಕಂಪನಿಯಿಂದ ಕಂಪನಿಗೆ, ಅದೇ ಕಂಪನಿಯ ಒಂದು ಮಾಡೆಲಿನಿಂದ ಇನ್ನೊಂದಕ್ಕೆ ಪಿಸಿಬಿ (ಚಿಪ್ಪುಗಳು ಕೂರುವ ಹಲಗೆ) ಬೇರೆ. ಕಾರ್ಡಿನ ಪೂರ್ತಿ ಮಾಡೆಲ್ ಸಂಖ್ಯೆ ಬರೆದುಕೊಂಡು, ಬೈಕ್ಸ್‌ಕಿ ಆಗಲಿ ಆಲ್ಫಾಕೂಲ್ ಆಗಲಿ, ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ಅದೇ ಸಂಖ್ಯೆ ಕಂಡರೆ ಮಾತ್ರ ದುಡ್ಡು ಕೊಡಿ. ಬ್ಲಾಕಿನ ಜೊತೆ ಬರುವ ಥರ್ಮಲ್ ಪ್ಯಾಡ್‌ಗಳ ದಪ್ಪ ಹೇಳಿದಷ್ಟೇ ಇರಬೇಕು. 1 ಮಿ.ಮೀ. ಜಾಗಕ್ಕೆ 1.5 ಹಾಕಿದರೆ ಬ್ಲಾಕ್ ಮೇಲೆದ್ದು, ಚಿಪ್ಪಿಗೆ ಸರಿಯಾಗಿ ತಾಗುವುದಿಲ್ಲ.

ಪೈಪು, ಫಿಟಿಂಗು

ಮೊದಲ ಲೂಪಿಗೆ ಗಟ್ಟಿ ಕೊಳವೆ ಬೇಡ. ಬಗ್ಗಿಸುವುದು ಕಷ್ಟವೆಂದಷ್ಟೇ ಅಲ್ಲ, ಒಂದು ಭಾಗ ಬಿಚ್ಚಬೇಕಾದಾಗಲೆಲ್ಲ ಪೂರ್ತಿ ಖಾಲಿ ಮಾಡಬೇಕಾಗುತ್ತದೆ. ಒಳಗೆ 10, ಹೊರಗೆ 16 ಮಿ.ಮೀ. ಇರುವ ಮೆದು ಪೈಪು ತಿರುವಿನಲ್ಲಿ ಮಡಚಿಕೊಳ್ಳುವುದಿಲ್ಲ, 10–13ರದ್ದು ಮಡಚಿಕೊಳ್ಳುತ್ತದೆ. ಪಾರದರ್ಶಕ ಪಿವಿಸಿ ಪೈಪಿಗೆ ಮೆದುತನ ಕೊಡುವ ಪ್ಲಾಸ್ಟಿಸೈಸರ್ ಬಿಸಿ ನೀರಿಗೆ ನಿಧಾನವಾಗಿ ಬಿಡುತ್ತದೆ. ಪೈಪು ಮಬ್ಬಾಗುತ್ತದೆ, ಬ್ಲಾಕಿನ ಸಂದಿಯಲ್ಲಿ ಜಿಡ್ಡು ಕೂರುತ್ತದೆ. ನೀರು ದಿನವೂ 45 ಮುಟ್ಟುವ ಊರಿನಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಕಪ್ಪು ಇಪಿಡಿಎಂ ರಬ್ಬರ್ ಪೈಪಿಗೆ ಈ ತೊಂದರೆ ಇಲ್ಲ. ನೋಟಕ್ಕೆ ಸಪ್ಪೆ ಅನ್ನಿಸಬಹುದು, ಆದರೂ ನಮ್ಮ ಹವೆಗೆ ಅದೇ ಸೈ. ಎರಡೂವರೆ–ಮೂರು ಮೀಟರ್ ತನ್ನಿ.

ಫಿಟಿಂಗ್ ಎಣಿಕೆ ಸುಲಭ: ಸಿಪಿಯುಗೆ ಎರಡು, ಕಾರ್ಡಿಗೆ ಎರಡು, ಎರಡು ರೇಡಿಯೇಟರಿಗೆ ನಾಲ್ಕು, ಪಂಪಿಗೆ ಎರಡು, ಒಟ್ಟು ಹತ್ತು. ನೀರು ಇಳಿಸಲು ತಳದಲ್ಲಿ ಒಂದು ಟಿ ಮತ್ತು ಬಾಲ್ ವಾಲ್ವ್ ಇಡಬೇಕು, ಅದಕ್ಕೂ ಸೇರಿಸಿ ಹನ್ನೆರಡು ಕೊಳ್ಳಿ. 90 ಡಿಗ್ರಿಯವು ಎರಡು, 45ರವು ಎರಡು ಜೊತೆಗಿರಲಿ. ಡ್ರೈನ್ ವಾಲ್ವ್ ಇಲ್ಲದೆ ಲೂಪ್ ಕಟ್ಟಬೇಡಿ. ಒಂದು ವರ್ಷದ ನಂತರ ಕ್ಯಾಬಿನೆಟ್ ತಲೆಕೆಳಗು ಮಾಡಿ ಮದರ್‌ಬೋರ್ಡ್ ಪಕ್ಕದಲ್ಲೇ ನೀರು ಸುರಿಯುವ ಸ್ಥಿತಿ ಯಾರಿಗೂ ಬೇಡ.

ಈ ಫಿಟಿಂಗುಗಳ ಮರೆ ಜಿ 1/4. ನ್ಯೂಮ್ಯಾಟಿಕ್ ಸಾಮಾನಿನ ಅಂಗಡಿಯಲ್ಲೂ ಕಾಲಿಂಚು ಫಿಟಿಂಗ್ ಸಿಗುತ್ತದೆ, ಬೆಲೆಯೂ ಕಡಿಮೆ, ಇಂಚಿಗೆ 19 ಸುತ್ತು ಎರಡಕ್ಕೂ ಒಂದೇ. ಆದರೆ ಅವುಗಳಲ್ಲಿ ಹೆಚ್ಚಿನವು ಆರ್ 1/4, ಅಂದರೆ ತುದಿ ಸಣ್ಣಗಾಗುತ್ತಾ ಹೋಗುವ ಓರೆ ಮರೆ. ಕೈಯಲ್ಲಿ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುತ್ತದೆ. ಇನ್ನೊಂದು ಸುತ್ತು ಸ್ಪ್ಯಾನರ್ ಹಾಕಿದರೆ ಅಕ್ರಿಲಿಕ್ ಬ್ಲಾಕು ಒಳಗಿನಿಂದ ಬೆಣೆ ಹೊಡೆದಂತೆ ಸೀಳುತ್ತದೆ. ಜಿ 1/4 ಫಿಟಿಂಗನ್ನು ಹತ್ತಿರ ಹಿಡಿದು ನೋಡಿ: ಮರೆ ಬುಡದಿಂದ ತುದಿಯವರೆಗೆ ಒಂದೇ ದಪ್ಪ, ಬುಡದಲ್ಲಿ ಒಂದು ತೋಡು, ಅದರೊಳಗೆ ಕಪ್ಪು ಓ-ರಿಂಗ್. ನೀರು ತಡೆಯುವುದು ಆ ರಿಂಗ್ ಮಾತ್ರ. ಮರೆಗೆ ಆ ಕೆಲಸವಿಲ್ಲ, ಆದ್ದರಿಂದ ಟೆಫ್ಲಾನ್ ಟೇಪ್ ಸುತ್ತಬಾರದು. ಟೇಪಿನ ಎಳೆ ಕಿತ್ತು ಬಂದು ಬ್ಲಾಕಿನ ಸಂದಿಗೆ ಸಿಕ್ಕಿಕೊಳ್ಳುತ್ತದೆ. ರಿಂಗಿಗೆ ಒಂದು ಹನಿ ನೀರು ಸವರಿ, ಕೈಯಿಂದಲೇ ತಿರುಗಿಸಿ, ತಳ ತಾಗಿದ ಮೇಲೆ ಇನ್ನೊಂಚೂರು ಮಾತ್ರ ಬಿಗಿ ಮಾಡಿ.

ನೀರು

ಕೋಲಾರದವರಿಗೆ ನೀರಿನ ಉಪ್ಪಿನ ಬಗ್ಗೆ ಪಾಠ ಬೇಕಿಲ್ಲ. ಸಾವಿರ ಅಡಿಗೂ ಕೆಳಗಿಂದ ಬರುವ ಬೋರ್ ನೀರು ಗೀಸರ್ ಕಾಯಿಲ್ ಮೇಲೆ, ಬಚ್ಚಲಿನ ನಲ್ಲಿಯ ಮೂತಿಯ ಮೇಲೆ ಬಿಳಿ ಸುಣ್ಣ ಕಟ್ಟುವುದನ್ನು ದಿನವೂ ನೋಡುತ್ತೇವೆ. ಕುಡಿಯುವ ನೀರಿನಲ್ಲಿ ನಮ್ಮನ್ನು ಕಾಡುವುದು ಫ್ಲೋರೈಡ್, ಬ್ಲಾಕನ್ನು ಕಾಡುವುದು ಕ್ಯಾಲ್ಸಿಯಂ, ಮೆಗ್ನೀಸಿಯಂ, ಕ್ಲೋರೈಡ್. ಟಿಡಿಎಸ್ 1000 ಇರುವ ಒಂದು ಲೀಟರ್ ನೀರಿನಲ್ಲಿ ಒಂದು ಗ್ರಾಂ ಲವಣ ಇರುತ್ತದೆ. ಒಂದು ಚಿಟಿಕೆ ತಾನೆ ಅನ್ನಿಸಬಹುದು. ಆದರೆ ಸಿಪಿಯು ಬ್ಲಾಕಿನ ಒಳಗಿನ ಕಾಲುವೆಗಳ ಅಗಲ ಅರ್ಧ ಮಿ.ಮೀ.ಗಿಂತ ಕಡಿಮೆ. ಸುಣ್ಣ ಕಟ್ಟುವುದು ಅತ್ಯಂತ ಬಿಸಿಯಾದ ಜಾಗದಲ್ಲಿ, ಆ ಜಾಗ ಈ ಕಾಲುವೆಗಳೇ. ಕ್ಲೋರೈಡ್ ನಿಕ್ಕಲ್ ಲೇಪದ ಸಣ್ಣ ಬಿರುಕು ಹುಡುಕಿ ಒಳಗಿಳಿಯುತ್ತದೆ. ಇಷ್ಟು ದುಡ್ಡು, ಇಷ್ಟು ತಾಳ್ಮೆ ಹಾಕಿ ಕಟ್ಟಿದ ಲೂಪು ಒಂದು ಚೊಂಬು ನೀರಿನಿಂದ ಕೆಡಬಾರದು.

ಇಪ್ಪತ್ತು ಲೀಟರಿನ ಕ್ಯಾನ್ ನೀರೂ ಆಗದು, ಮನೆಯ ಆರ್‌ಒ ನೀರೂ ಆಗದು. ಆರ್‌ಒ ಲವಣವನ್ನು ಕಡಿಮೆ ಮಾಡುತ್ತದೆ, ಪೂರ್ತಿ ತೆಗೆಯುವುದಿಲ್ಲ. ಬೇಕಿರುವುದು ಡಿಮಿನರಲೈಸ್ಡ್ ನೀರು, ಅದು ಹೆಚ್ಚಿನವರ ಮನೆಯಲ್ಲಿ ಆಗಲೇ ಇದೆ: ಇನ್ವರ್ಟರ್ ಬ್ಯಾಟರಿಗೆ ಹಾಕುವ ಬ್ಯಾಟರಿ ವಾಟರ್. ಆದರೆ ಅರ್ಧ ಖಾಲಿಯಾದ ಹಳೇ ಕ್ಯಾನ್ ಬಳಸಬೇಡಿ, ಬ್ಯಾಟರಿ ಅಂಗಡಿಯಿಂದ ಸೀಲ್ ಒಡೆಯದ 5 ಲೀಟರಿನ ಎರಡು ಕ್ಯಾನ್ ತನ್ನಿ. ಆರ್‌ಒ ನೀರು ಪರೀಕ್ಷಿಸುವ ಟಿಡಿಎಸ್ ಪೆನ್ ಅದ್ದಿ ನೋಡಿ, 0ಯಿಂದ 3ರ ಒಳಗಿರಬೇಕು. 20, 30 ತೋರಿಸಿದರೆ ಅದು ಹೆಸರಿಗಷ್ಟೇ ಬ್ಯಾಟರಿ ವಾಟರ್.

ಇಲ್ಲಿ ಒಂದು ನಿಜವಾದ ಅಪಾಯ ಇದೆ. ಅದೇ ಅಂಗಡಿಯಲ್ಲಿ, ಅಂಥದೇ ಬಿಳಿ ಕ್ಯಾನಿನಲ್ಲಿ ಬ್ಯಾಟರಿ ಆಸಿಡ್ ಕೂಡ ಇರುತ್ತದೆ. ಅದು ದುರ್ಬಲಗೊಳಿಸಿದ ಸಲ್ಫ್ಯೂರಿಕ್ ಆಮ್ಲ, ನೋಡಲು ನೀರೇ. ಲೇಬಲ್ ಓದಿ, ಟಿಡಿಎಸ್ ಪೆನ್ನಿಗೆ ಮೊದಲು ಒಂದು ಪಿಎಚ್ ಕಾಗದ ಅದ್ದಿ, ಕೆಂಪಾದರೆ ಮುಚ್ಚಳ ಬಿಗಿ ಮಾಡಿ ಹಿಂದಿರುಗಿಸಿ. ಹಾಗೆಯೇ, ಶುದ್ಧ ನೀರು ಸೋರಿದರೆ ಶಾರ್ಟ್ ಆಗುವುದಿಲ್ಲ ಎಂದು ನಂಬಬೇಡಿ. ಲೂಪಿನಲ್ಲಿ ಸುತ್ತತೊಡಗಿದ ಮೇಲೆ ಲೋಹದ ಅಯಾನುಗಳು ಸೇರಿ, ಅದೂ ವಿದ್ಯುತ್ ಹರಿಸತೊಡಗುತ್ತದೆ.

ಬರೀ ನೀರಿನಲ್ಲಿ ಪಾಚಿ, ಬ್ಯಾಕ್ಟೀರಿಯಾ ಬೆಳೆಯುತ್ತವೆ. ತುಕ್ಕು ತಡೆಯುವ, ಪಾಚಿ ತಡೆಯುವ ಎರಡೂ ಅಂಶವಿರುವ, ಬಣ್ಣವಿಲ್ಲದ ಕೂಲಿಂಗ್ ಕಾನ್ಸಂಟ್ರೇಟ್ ಕೊಂಡು, ಬಾಟಲಿ ಹೇಳಿದ ಪ್ರಮಾಣದಲ್ಲಿ ಬೆರೆಸಿ. ಹಾಲಿನಂತೆ ಕಾಣುವ ಪೇಸ್ಟಲ್ ದ್ರವಗಳಲ್ಲಿ ತೇಲುವ ಕಣಗಳಿರುತ್ತವೆ, ತಿಂಗಳುಗಳಲ್ಲಿ ತಳ ಕಟ್ಟುತ್ತವೆ. ಕಾರಿನ ಹಸಿರು ಕೂಲಂಟ್ ಬೇಡ: ಎಥಿಲೀನ್ ಗ್ಲೈಕಾಲ್ ವಿಷ, ಸಿಹಿಯಾಗಿರುವುದರಿಂದ ಮಕ್ಕಳೋ ನಾಯಿಯೋ ನೆಕ್ಕುವ ಭಯ ಬೇರೆ. ಪಾಚಿ ತಡೆಯಲು ಬೆಳ್ಳಿ ಸುರುಳಿ ಹಾಕುವ ಹಳೇ ಪದ್ಧತಿಯೂ ನಿಕ್ಕಲ್ ಬ್ಲಾಕ್ ಇದ್ದಲ್ಲಿ ಸರಿಯಲ್ಲ.

ಜೋಡಿಸುವ ದಿನ

ಹೊಸ ರೇಡಿಯೇಟರಿನ ಒಳಗೆ ಬೆಸುಗೆಯ ಫ್ಲಕ್ಸ್ ಚೂರುಗಳಿರುತ್ತವೆ. ಬ್ಯಾಟರಿ ವಾಟರನ್ನು 50–60 ಡಿಗ್ರಿಗೆ ಕಾಯಿಸಿ ಅರ್ಧ ತುಂಬಿ, ಎರಡೂ ಬಾಯಿ ಮುಚ್ಚಿ, ಒಂದೆರಡು ನಿಮಿಷ ಜೋರಾಗಿ ಕುಲುಕಿ, ಬಿಳಿ ಪಂಚೆ ಬಟ್ಟೆಯ ಮೂಲಕ ಸುರಿಯಿರಿ. ಮೊದಲ ಸಲ ಬಟ್ಟೆಯ ಮೇಲೆ ಕಪ್ಪು ಪುಡಿ, ಎಣ್ಣೆಯ ಮಿಂಚು, ಕೆಲವೊಮ್ಮೆ ಸಾಸಿವೆಗಿಂತ ಸಣ್ಣ ಬೆಸುಗೆಯ ಗುಂಡುಗಳು. ಬಟ್ಟೆ ಬೆಳ್ಳಗೆ ಉಳಿಯುವವರೆಗೆ ಮಾಡಿ, ನಾಲ್ಕೈದು ಸಲವಾದರೂ ಬೇಕಾಗುತ್ತದೆ. ಅಕ್ರಿಲಿಕ್ ಭಾಗಗಳನ್ನು ಮಾತ್ರ ಸ್ಪಿರಿಟ್ ಹಚ್ಚಿ ಒರೆಸಬೇಡಿ, ಕೂದಲೆಳೆಯಂಥ ಬಿರುಕು ಬಿಡುತ್ತದೆ.

ನೀರು ತುಂಬುವ ಮುಂಚೆ ಗಾಳಿ ಹಾಕಿ ಸೋರಿಕೆ ನೋಡಿ. ಜಿ 1/4 ಮರೆಯ ಲೀಕ್ ಟೆಸ್ಟರ್ ಸಿಗುತ್ತದೆ, ಕೈಪಂಪಿನಿಂದ 0.5 ಬಾರ್‌ವರೆಗೆ ಏರಿಸಿ ಅರ್ಧ ಗಂಟೆ ಬಿಡಿ. ಅದಕ್ಕಿಂತ ಮೇಲೆ ಹೋದರೆ ರಿಸರ್ವಾಯರಿಗೆ ಕೇಡು. ಮುಳ್ಳು ಕೂದಲಷ್ಟು ಇಳಿದರೆ ಗಾಬರಿ ಬೇಡ, ರೂಮು ಮೂರು ಡಿಗ್ರಿ ತಣ್ಣಗಾದರೂ 0.01 ಬಾರ್‌ಗೂ ಮಿಗಿಲಾಗಿ ಇಳಿಯುತ್ತದೆ. 0.05 ಇಳಿದರೆ ಒಂದೊಂದೇ ಜೋಡಣೆಗೆ ಸೋಪಿನ ನೊರೆ ಹಚ್ಚಿ ಹುಡುಕಿ. ಹೆಚ್ಚಾಗಿ ತಪ್ಪಿರುವುದು ತಿರುಗುವ 90 ಡಿಗ್ರಿ ಫಿಟಿಂಗಿನಲ್ಲಿ: ಪೈಪು ಒಂದು ಪಕ್ಕಕ್ಕೆ ಎಳೆಯುತ್ತಿದ್ದರೆ ಒಳಗಿನ ರಿಂಗ್ ಒಂದೇ ಕಡೆ ಒತ್ತಿ ಇನ್ನೊಂದು ಕಡೆ ಬಾಯಿ ಬಿಡುತ್ತದೆ. ಪೈಪನ್ನು ಒಂದು ಇಂಚು ಉದ್ದ ಬಿಟ್ಟರೆ ಸರಿಹೋಗುತ್ತದೆ.

ತುಂಬುವಾಗ ಮದರ್‌ಬೋರ್ಡಿಗೂ ಕಾರ್ಡಿಗೂ ಪವರ್ ಇರಬಾರದು. ಎಸ್‌ಎಂಪಿಎಸ್‌ನ 24 ಪಿನ್ ಕನೆಕ್ಟರಿಗೆ ಜಂಪರ್ (ಮದರ್‌ಬೋರ್ಡ್ ಇಲ್ಲದೆಯೇ ಅದನ್ನು ಆನ್ ಮಾಡುವ ತುಂಡು) ಹಾಕಿ ಪಂಪು ಮಾತ್ರ ಓಡಿಸಿ. ರಿಸರ್ವಾಯರ್ ತುಂಬಿಸಿ, ಐದು ಸೆಕೆಂಡ್ ಓಡಿಸಿ, ನಿಲ್ಲಿಸಿ, ಮತ್ತೆ ತುಂಬಿಸಿ. ನೀರು ಇಳಿದು ಪಂಪಿನ ಬಾಯಿ ಕಾಣುವ ಮುಂಚೆಯೇ ಸ್ವಿಚ್ ಆರಿಸಬೇಕು. ಇಂಥ ಲೂಪಿಗೆ ಸುಮಾರು ಒಂದು ಲೀಟರ್ ಹಿಡಿಯುತ್ತದೆ, ಎರಡು ಲೀಟರ್ ಬೆರೆಸಿಟ್ಟುಕೊಳ್ಳಿ. ಆಮೇಲೆ ಕ್ಯಾಬಿನೆಟ್ಟನ್ನು ನಿಧಾನವಾಗಿ ನಾಲ್ಕೂ ಕಡೆ ವಾಲಿಸಿದರೆ ರೇಡಿಯೇಟರಿನ ಮೂಲೆಯಲ್ಲಿ ಸಿಕ್ಕಿದ ಗಾಳಿ ಗುಳುಗುಳು ಎನ್ನುತ್ತಾ ಬರುತ್ತದೆ. ಸಣ್ಣ ಗುಳ್ಳೆಗಳು ಪೂರ್ತಿ ಹೋಗಲು ಕೆಲವು ದಿನ ಬೇಕು, ಮಟ್ಟ ಒಂದು ಬೆರಳಿನಷ್ಟು ಇಳಿಯುವುದು ಸಹಜ. ತಿಂಗಳುಗಳು ಕಳೆದಂತೆ ಪೈಪಿನ ಮೂಲಕ ಆರಿಹೋಗುವುದು ನೀರು ಮಾತ್ರ, ಆ ಕೊರತೆಗೆ ಬರೀ ಬ್ಯಾಟರಿ ವಾಟರ್ ಹಾಕಿದರಾಯಿತು.

ಫ್ಯಾನುಗಳನ್ನು ಪ್ರೊಸೆಸರಿನ ಉಷ್ಣತೆಗೆ ಕಟ್ಟಿದರೆ ಅದು ಕ್ಷಣಕ್ಕೊಮ್ಮೆ ಜಿಗಿದಾಗಲೆಲ್ಲ ಅವೂ ಕೂಗುತ್ತವೆ. ನೀರಿಗೆ ಇಳಿಸುವ 10 ಕಿಲೋ ಓಮ್ ಸೆನ್ಸರ್ ಪ್ಲಗ್ ಹಾಕಿ, ಮದರ್‌ಬೋರ್ಡಿನ ಟಿ-ಸೆನ್ಸರ್ ಹೆಡರಿಗೆ ಕೊಟ್ಟು, 36 ಡಿಗ್ರಿಗೆ ನಲವತ್ತು ಶೇಕಡಾ, 46ಕ್ಕೆ ಪೂರ್ತಿ ವೇಗ ಎಂದು ಇಡಿ. 55 ಮುಟ್ಟಿದರೆ ಮಷೀನ್ ತಾನಾಗಿ ಆರುವಂತೆ ಮಾಡಿ. ವರ್ಷಕ್ಕೊಮ್ಮೆ ದ್ರವ ಬದಲಿಸುವ ಕೆಲಸವನ್ನು ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಿ. ಆಗ ಸುಗ್ಗಿಯ ಧೂಳೂ ಮುಗಿದಿರುತ್ತದೆ, ರೆಕ್ಕೆಗಳನ್ನು ಅದೇ ದಿನ ಊದಿ ಬಿಟ್ಟರೆ ಏಪ್ರಿಲ್ ಹೊತ್ತಿಗೆ ಲೂಪ್ ತಯಾರಿರುತ್ತದೆ.